ಪೆಟ್ಟಿಗೆ ಅರ್ಧ ಮಾಡಿದರೆ ಮಾತು ಕೇಳಿಸೀತೇ?

ಮಾನ್ಯ ಸಂಪಾದಕರೇ,

ಯಕ್ಷಗಾನ ಬಯಲಾಟದ ಧ್ವನಿವರ್ಧಕಗಳ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಓದುಗರೊಬ್ಬರ ಪತ್ರವನ್ನು ಎರಡು ಬಾರಿ ಓದಿದೆ. ಚಂಡೆಯ ಸದ್ದಿಗೆ ಕಿವಿ ಹರಿಯುತ್ತದೆ, ವೇಷಧಾರಿಯ ಮಾತು ಮಾತ್ರ ಕೇಳಿಸುವುದಿಲ್ಲ, ಆದ್ದರಿಂದ ಸ್ಪೀಕರ್ ಪೆಟ್ಟಿಗೆಗಳನ್ನು ಅರ್ಧಕ್ಕಿಳಿಸಬೇಕು ಎಂಬುದು ಅವರ ವಾದ. ದೂರು ಸರಿಯಾಗಿಯೇ ಇದೆ. ಮದ್ದು ತಪ್ಪು. ಇಪ್ಪತ್ತಾರು ವರ್ಷಗಳಿಂದ ಮೇಳಗಳು ತಿರುಗಾಟಕ್ಕೆ ಹೊರಟಲ್ಲಿಂದ ಮಳೆಗಾಲ ಹಿಡಿಯುವವರೆಗೆ ಆಟಗಳಿಗೆ ಮೈಕ್ ಕಟ್ಟುತ್ತಿರುವವನು ನಾನು. ಬೈಗುಳ ಕೇಳಿ ಅಭ್ಯಾಸವಿದೆ. ಆದರೆ ಬೈಯುವವರು ಸರಿಯಾದ ಕಾರಣಕ್ಕೆ ಬೈಯಲಿ ಎಂದು ಈ ಪತ್ರ.

ಪೆಟ್ಟಿಗೆ ಕಡಿಮೆ ಮಾಡಿದರೆ ಚಂಡೆಯೂ ತಗ್ಗುತ್ತದೆ, ಮಾತೂ ತಗ್ಗುತ್ತದೆ, ಎರಡರ ನಡುವಿನ ಅಂತರ ಇದ್ದಲ್ಲಿಯೇ ಇರುತ್ತದೆ. ದಮಯಂತಿಯ ವೇಷ ಕಾಡಿನಲ್ಲಿ ಒಂಟಿಯಾಗಿ ಅಳುತ್ತಾ ಮಾತಾಡುವಾಗ ನನ್ನ ಮೀಟರ್‌ನ ಕೆಳಗಿನ ಎರಡು ದೀಪ ಹತ್ತಿದರೆ ಹೆಚ್ಚು. ಅದೇ ರಾತ್ರಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಆರ್ಭಟ ಕೊಟ್ಟು ಚಂಡೆ ಏರಿದಾಗ ಅದೇ ಮೀಟರ್ ಕೆಂಪು ಮುಟ್ಟುತ್ತದೆ. ಸದ್ದಿನ ಮಟ್ಟ ಅಳೆಯುವ ಡೆಸಿಬಲ್ ಲೆಕ್ಕದಲ್ಲಿ ಇವೆರಡರ ನಡುವೆ 30 ಡೆಸಿಬಲ್ ಅಂತರವಿರುವುದೂ ಉಂಟು. ಇನ್ನು ಲೆಕ್ಕಕ್ಕೆ ಬಂದರೆ, ಆಂಪ್ಲಿಫೈಯರ್‌ನ ಶಕ್ತಿಯನ್ನು 1,000 ವಾಟ್‌ನಿಂದ 500ಕ್ಕೆ ಇಳಿಸಿದಾಗ ತಗ್ಗುವುದು ಬರೀ 3 ಡೆಸಿಬಲ್. 10 ಡೆಸಿಬಲ್ ತಗ್ಗಬೇಕಿದ್ದರೆ 1,000 ಹೋಗಿ 100 ಆಗಬೇಕು. ‘ನಮ್ಮಲ್ಲಿ ಇಷ್ಟು ಸಾವಿರ ವಾಟ್’ ಎಂದು ಕರಪತ್ರದಲ್ಲಿ ಹಾಕಿಸುವ ಸಂಘಟಕರಿಗೂ ಈ ಲೆಕ್ಕ ಗೊತ್ತಿಲ್ಲ.

ಪೆಟ್ಟಿಗೆ ಕಡಿಮೆಯಾದ ರಾತ್ರಿ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಹಿಂದಿನ ಸಾಲಿನಿಂದ ಯಾರೋ ‘ಮೈಕ್ ಕೇಳುವುದಿಲ್ಲ’ ಎಂದು ಕೂಗುತ್ತಾರೆ. ನಿರ್ವಾಹಕ ಗುಂಡಿ ತಿರುಗಿಸುತ್ತಾನೆ. ಆಂಪ್ಲಿಫೈಯರ್‌ನ ಕೆಂಪು ದೀಪ ಮಿನುಗುವುದನ್ನು ಬಿಟ್ಟು ಉರಿದೇ ನಿಲ್ಲುತ್ತದೆ. ಅಂದರೆ ಧ್ವನಿಯ ಅಲೆಗಳ ತಲೆ ಕತ್ತರಿಸಿಹೋಗುತ್ತಿದೆ ಎಂದರ್ಥ. ಕಿವಿಗೆ ಮರಳು ಎರಚಿದ ಹಾಗೆ ಆ ಸದ್ದು. ಬೆಳಗಾಗುವಷ್ಟರಲ್ಲಿ ಹಾರ್ನ್‌ನ ಡಯಾಫ್ರಾಮ್, ಅಂದರೆ ಕಂಪಿಸಿ ಸದ್ದು ಹೊರಡಿಸುವ ತೆಳು ಹಾಳೆ, ಸುಟ್ಟಿರುತ್ತದೆ. ಬಿಚ್ಚಿ ಮೂಸಿದರೆ ಗೊತ್ತಾಗುತ್ತದೆ. ಪತ್ರ ಬರೆದ ಮಹನೀಯರ ಕಿವಿ ಹರಿದದ್ದು ಬಹುಶಃ ಇದರಿಂದಲೇ ಇರಬೇಕು.

ಬೇಕಾದದ್ದು ಆ 30 ಡೆಸಿಬಲ್ ಅಂತರವನ್ನು ಹದಕ್ಕೆ ತರುವ ಕೈ. ಮೊದಲ ಹದಿನೈದು ವರ್ಷ ಆ ಕೆಲಸವನ್ನು ನನ್ನ ಬೆರಳೇ ಮಾಡಿತು. ಆರ್ಭಟ ಬರುವ ಮೊದಲು ಫೇಡರ್, ಅಂದರೆ ಮಿಕ್ಸರಿನಲ್ಲಿ ಧ್ವನಿ ಏರಿಳಿಸುವ ಜಾರುಗುಂಡಿ, ಇಳಿಸಬೇಕು, ಮುಗಿದೊಡನೆ ಏರಿಸಬೇಕು. ಪ್ರಸಂಗ ಬಾಯಿಪಾಠವಿದ್ದರೆ ನಡೆಯುತ್ತದೆ. ಆದರೆ ವೇಷಧಾರಿ ನನ್ನನ್ನು ಕೇಳಿ ಆರ್ಭಟ ಕೊಡುವುದಿಲ್ಲ. ರಾತ್ರಿ ಮೂರು ಗಂಟೆಗೆ ನನ್ನ ಕಣ್ಣೂ ಕೂರುತ್ತದೆ. ಬೆರಳು ಇಳಿಯುವಷ್ಟರಲ್ಲಿ ಸದ್ದು ಪಕ್ಕದ ಊರು ಸೇರಿರುತ್ತದೆ. ಕಂಪ್ರೆಸರ್ ಎಂಬ ಉಪಕರಣ ಆ ಬೆರಳಿನ ಕೆಲಸವನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಮಾಡುತ್ತದೆ. ಅದಕ್ಕೆ ಒಂದು ಹೊಸ್ತಿಲು ಹಾಕಿಕೊಡಬೇಕು. ಹೊಸ್ತಿಲ ಒಳಗಿನ ಸದ್ದನ್ನು ಅದು ಮುಟ್ಟುವುದಿಲ್ಲ. ದಾಟಿದ್ದನ್ನು ಹಿಡಿದು ಜಗ್ಗುತ್ತದೆ: 4:1 ಎಂದು ಇಟ್ಟರೆ, ಹೊಸ್ತಿಲು ದಾಟಿ 8 ಡೆಸಿಬಲ್ ಮೇಲೇರಿದ ಸದ್ದು 2 ಡೆಸಿಬಲ್ ಮಾತ್ರ ಏರಿ ಹೊರಬರುತ್ತದೆ. ಹಲಗೆ ಇಳಿಸಿ ನೀರು ತಡೆಯುವ ನಮ್ಮೂರಿನ ಕಿಂಡಿ ಅಣೆಕಟ್ಟನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಲಗೆ ಎಲ್ಲಿಯವರೆಗೆ ಇಳಿಸಬೇಕು, ಎಷ್ಟು ಬೇಗ ಎತ್ತಬೇಕು ಎಂಬುದರಲ್ಲಿ ಇರುವುದೆಲ್ಲ.

ಆ ಹಲಗೆ ಇಳಿಸುವುದರಲ್ಲಿ ನಾನೇ ಎಡವಿದ್ದೇನೆ. ಕಂಪ್ರೆಸರ್ ಕೊಂಡ ಮೊದಲ ವರ್ಷ, ಹೊಸ ಎತ್ತು ಕೊಂಡವನ ಹುರುಪಿನಲ್ಲಿ, ಪದ ಹಾಡುವ ಭಾಗವತರ ಮೈಕಿಗೆ 10:1 ಹಾಕಿ ಹೊಸ್ತಿಲನ್ನು ತೀರಾ ಕೆಳಗಿಟ್ಟೆ. ಸದ್ದು ಎಷ್ಟು ತಗ್ಗುತ್ತಿದೆ ಎಂದು ತೋರಿಸುವ ದೀಪಗಳು ಸಾಲಾಗಿ ಕುಣಿಯುವುದನ್ನು ನೋಡಿ ಸಂತೋಷಪಟ್ಟೆ. ಬೆಳಿಗ್ಗೆ ಬಣ್ಣ ಹಚ್ಚುವ ಚೌಕಿಯ ಹಿಂದೆ ಭಾಗವತರು ಮುಖ ತೊಳೆಯುತ್ತಾ, ‘ಏನು ಮಾರಾಯರೇ, ಇವತ್ತು ನನ್ನ ಪದದ ಕುತ್ತಿಗೆ ಹಿಡಿದವರು ಯಾರು?’ ಎಂದು ಕೇಳಿದರು. ಆಗ ಹೊಳೆಯಿತು. ಅವರ ಮೈಕಿಗೆ ಪಕ್ಕದ ಚಂಡೆಯೂ ಬೀಳುತ್ತದೆ. ಚಂಡೆಯ ಒಂದೊಂದು ಪೆಟ್ಟಿಗೂ ಕಂಪ್ರೆಸರ್ ಬೆಚ್ಚಿ ಇಡೀ ಮೈಕನ್ನೇ ಜಗ್ಗುತ್ತಿತ್ತು. ಪೆಟ್ಟು ಚಂಡೆಯದು, ಕುಗ್ಗಿದ್ದು ಪದ. ಮರುದಿನ ಮಾಡಿದ ಮೊದಲ ಕೆಲಸ, ಉಪಕರಣವನ್ನು ಮುಟ್ಟದೆ ಮೈಕ್ ತಿರುಗಿಸಿದ್ದು. ಅದರ ಬೆನ್ನು ಚಂಡೆಯ ಕಡೆಗೆ ಬರುವಂತೆ ಇಟ್ಟೆ. ಆಮೇಲೆ 3:1, ಹಿಡಿದ ಸದ್ದನ್ನು ಬಿಡುವ ವೇಗ ಇನ್ನಷ್ಟು ಚುರುಕು, ತಗ್ಗಿದ್ದನ್ನು ತೋರಿಸುವ ದೀಪ 4 ಡೆಸಿಬಲ್ ಮೀರದಂತೆ. ಚಂಡೆಯ ಸ್ವಂತ ಮೈಕಿಗೆ ಬೇರೆ ಲೆಕ್ಕ. ಅಲ್ಲಿ ಹಿಡಿತ ತೀರಾ ಬೇಗ ಬಿದ್ದರೆ ಪೆಟ್ಟಿನ ತುದಿ ಸತ್ತು ದಿಂಬಿಗೆ ಹೊಡೆದಂತೆ ಕೇಳುತ್ತದೆ. ಪೆಟ್ಟಿನ ತುದಿ ಸತ್ತ ಮೇಲೆ ಅದನ್ನು ಚಂಡೆ ಎನ್ನುವುದು ಹೇಗೆ?

ರಂಗಸ್ಥಳದ ಮೇಲೆ ತೂಗುಹಾಕಿದ ಮೈಕುಗಳದ್ದು ಇನ್ನೊಂದು ತೊಡಕು. ಕಂಪ್ರೆಸರ್ ಜೋರನ್ನು ತಗ್ಗಿಸಿದ ಮೇಲೆ ಒಟ್ಟು ಮಟ್ಟವನ್ನು ಎತ್ತುವ ಗುಂಡಿಯೊಂದು ಅದರಲ್ಲಿದೆ. ಮಾತು ಕೇಳಲಿ ಎಂದು ಅದನ್ನು ಎತ್ತಿದರೆ ವೇಷಧಾರಿ ಸುಮ್ಮನಿದ್ದಾಗ ಮೈಕ್ ಎಲ್ಲವನ್ನೂ ಹೆಕ್ಕುತ್ತದೆ: ಗೆಜ್ಜೆ, ಗಾಳಿ, ಕೊನೆಗೆ ನಮ್ಮದೇ ಸ್ಪೀಕರಿನ ಸದ್ದು. ಕೂಡಲೇ ಕೀಂಯ್ ಎಂಬ ಆ ಕೂಗು. ಕಂಪ್ರೆಸರ್ ಹಾಕಿದ ಮೇಲೆ ಕೂಗು ಹೆಚ್ಚಾಯಿತೆಂದು ಅದನ್ನೇ ಕಿತ್ತೆಸೆದವರನ್ನು ನಾನು ಬಲ್ಲೆ. ಕೂಗಿಗೆ ಮದ್ದು ಸ್ಪೀಕರನ್ನು ರಂಗಸ್ಥಳದಿಂದ ಮುಂದಕ್ಕೆ ತರುವುದು. ಅಲ್ಲಿ ಸಂಘಟಕರ ಬ್ಯಾನರ್ ಕಟ್ಟಿರುತ್ತಾರೆ, ಅದು ಬೇರೆ ಕಥೆ.

ವೇಷವಿಲ್ಲದೆ ಕೂತು ಮಾತಾಡುವ ತಾಳಮದ್ದಳೆಯವರು ಗೇಟ್ ಎಂಬ ಉಪಕರಣ ಕೇಳುತ್ತಾರೆ, ಸುಮ್ಮನಿರುವ ಅರ್ಥಧಾರಿಯ ಮೈಕ್ ತಾನಾಗಿ ಮುಚ್ಚಿಕೊಳ್ಳಲಿ ಎಂದು. ಒಳ್ಳೆಯದೇ. ಅದು ತೆರೆದುಕೊಳ್ಳುವ ಹೊಸ್ತಿಲು ಒಂದಿಷ್ಟು ಎತ್ತರವಾದರೆ ಮಾತ್ರ ‘ಕೃಷ್ಣಾ’ ಎಂದದ್ದು ಸಭೆಗೆ ‘ಷ್ಣಾ’ ಎಂದು ತಲುಪುತ್ತದೆ.

ಈಗ ಕಾನೂನಿನ ವಿಷಯ. ಶಬ್ದ ಮಾಲಿನ್ಯ ನಿಯಮಗಳು 2000ದಿಂದ ಜಾರಿಯಲ್ಲಿವೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಅಲ್ಲಿನ ನಿಗದಿತ ಮಿತಿಗಿಂತ 10 ಹೆಚ್ಚು ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ, ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಇಡೀ ರಾತ್ರಿ ನಡೆಯದೆ ಬೇಗ ಮುಗಿಯುವ ಕಾಲಮಿತಿ ಆಟಗಳು ಹೆಚ್ಚಲು ಇದೂ ಒಂದು ಕಾರಣ. ನನ್ನ ಬಳಿ ಅನುಮತಿ ಪತ್ರಗಳ ದಪ್ಪ ಕಡತವೇ ಇದೆ. ಎಲ್ಲದರಲ್ಲೂ ಸಮಯವಿದೆ, ಡೆಸಿಬಲ್ ಮಿತಿಯನ್ನು ಪಾಲಿಸತಕ್ಕದ್ದು ಎಂಬ ಸಾಲಿದೆ. ಗಡಿಯಲ್ಲಿ ಯಾರು ನಿಂತು, ಯಾವ ಹೊತ್ತಿಗೆ ಅಳೆಯಬೇಕು ಎಂಬುದು ಒಂದರಲ್ಲೂ ಇಲ್ಲ. ದೂರು ಬಂದ ಮೇಲೆ ಜೀಪು ಬರುತ್ತದೆ, ಆಟ ಅರ್ಧಕ್ಕೆ ನಿಲ್ಲುತ್ತದೆ, ಹರಕೆ ಹೊತ್ತವರು ಕಣ್ಣೀರಿಡುತ್ತಾರೆ.

ನನ್ನ ಬೇಡಿಕೆ ಸಣ್ಣದು. ಅನುಮತಿ ಕೊಡುವಾಗ ಲಿಮಿಟರ್ ಕಡ್ಡಾಯ ಮಾಡಿ. ಲಿಮಿಟರ್ ಎಂದರೆ ಕಂಪ್ರೆಸರಿನ ಕಟ್ಟುನಿಟ್ಟಾದ ಅಣ್ಣ. ಹೊಸ್ತಿಲು ದಾಟಲು ಬಿಡುವುದೇ ಇಲ್ಲ. ಆಟ ಶುರುವಾಗುವ ಮೊದಲು, ಚಂಡೆಯವರು ಕೈ ಬಿಸಿ ಮಾಡಿಕೊಳ್ಳುವ ಹೊತ್ತಿಗೆ, ಒಬ್ಬರು ಮೀಟರ್ ಹಿಡಿದು ಗದ್ದೆಯ ಅಂಚಿನಲ್ಲಿ ನಿಲ್ಲಲಿ. ಮಿತಿಗೆ ಬಂದೊಡನೆ ಲಿಮಿಟರ್ ಹೊಂದಿಸಿ ಮುಚ್ಚಳಕ್ಕೆ ಬೀಗ ಹಾಕಲಿ. ಆಂಪ್ಲಿಫೈಯರ್‌ನ ಗುಂಡಿಗಳಿಗೂ ಬೀಗ ಬೇಕು, ಏಕೆಂದರೆ ಲಿಮಿಟರಿಗೆ ಗೊತ್ತಿರುವುದು ತನ್ನೊಳಗೆ ಹರಿಯುವ ವಿದ್ಯುತ್ತು ಮಾತ್ರ. ಅದರ ನಂತರ ಯಾರು ಯಾವ ಗುಂಡಿ ತಿರುಗಿಸಿದರೂ ಅದಕ್ಕೆ ತಿಳಿಯುವುದಿಲ್ಲ. ಇದೇನೂ ಆಗದ ಹೋಗದ ಮಾತಲ್ಲ. ಫ್ರಾನ್ಸ್‌ನಲ್ಲಿ 2017ರ ಆದೇಶದಂತೆ ಸಂಗೀತ ಕಾರ್ಯಕ್ರಮಗಳಲ್ಲಿ 15 ನಿಮಿಷದ ಸರಾಸರಿ 102 ಡೆಸಿಬಲ್ ಮೀರುವಂತಿಲ್ಲ. ಅದು ಪ್ರೇಕ್ಷಕರ ಕಿವಿಯ ರಕ್ಷಣೆಗೆ. ನೆರೆಮನೆಯವರ ನಿದ್ದೆಗೆ ಅದೂ ಸಾಲದು. ಆದರೆ ಸರಾಸರಿ ಅಳೆಯುವ ಆ ಕ್ರಮ ನಮಗೂ ಬೇಕು. ಒಂದು ಚಂಡೆ ಪೆಟ್ಟನ್ನು ಹಿಡಿದು ಮೊಕದ್ದಮೆ ಹಾಕುವುದಕ್ಕಿಂತ ಅದು ನ್ಯಾಯ.

ನಮ್ಮವರ ತಪ್ಪನ್ನು ಮುಚ್ಚಿಡುವುದಿಲ್ಲ. ಕಳೆದ ಹಂಗಾಮಿನಲ್ಲಿ ನನ್ನದೇ ಕಸುಬಿನ ಒಬ್ಬರಿಗೆ ಜ್ವರ ಬಂದು ಅವರ ಸೆಟ್ಟಿನಲ್ಲಿ ನಾನು ಕೂತೆ. ರ‍್ಯಾಕಿನಲ್ಲಿ ಒಳ್ಳೆಯ ಕಂಪ್ರೆಸರ್ ಇತ್ತು, ಊದುಬತ್ತಿ ಹಚ್ಚಿದ ಗುರುತೂ ಇತ್ತು. ಆದರೆ ಸದ್ದನ್ನು ಕಂಪ್ರೆಸರಿಗೆ ಸಿಗದಂತೆ ದಾಟಿಸುವ ಬೈಪಾಸ್ ಗುಂಡಿ ಒತ್ತಿಯೇ ಇತ್ತು. ಫೋನ್ ಮಾಡಿ ಕೇಳಿದರೆ, ಮೂರು ವರ್ಷದಿಂದ ಹಾಗೆಯೇ ಇದೆಯಂತೆ. ಇನ್ನು, ದೂರದವರಿಗೂ ಕೇಳಲಿ ಎಂದು ತೆಂಗಿನ ಮರಕ್ಕೆ ಹಾರ್ನ್ ಕಟ್ಟುವವರಿಗೆ ಯಾವ ಉಪಕರಣವೂ ಉತ್ತರವಲ್ಲ. ಅದನ್ನು ಮರದಿಂದ ಇಳಿಸುವುದೊಂದೇ ದಾರಿ.

ಪತ್ರ ಬರೆದ ಮಹನೀಯರು ಯಾವ ಊರಿನವರೋ ತಿಳಿಯದು. ಮುಂದಿನ ಶನಿವಾರ ನಮ್ಮಲ್ಲಿ ಹರಕೆಯ ಆಟವಿದೆ, ಕಾಲಮಿತಿಯದ್ದು. ಬಂದರೆ ಮಿಕ್ಸರ್ ಪಕ್ಕದಲ್ಲಿ ಒಂದು ಕುರ್ಚಿ ಇಟ್ಟಿರುತ್ತೇನೆ. ಬಣ್ಣದ ವೇಷ ಪ್ರವೇಶವಾಗುವಾಗ ಒಮ್ಮೆ ಬೈಪಾಸ್ ಒತ್ತಿ ಬಿಡುತ್ತೇನೆ, ಎರಡೇ ಸೆಕೆಂಡು. ಕಿವಿಗೆ ಹತ್ತಿ ತಂದಿದ್ದರೆ ಒಳ್ಳೆಯದು.

ಇತಿ,
ಒಬ್ಬ ಮೈಕಿನವ
ಕುಂದಾಪುರ ತಾಲ್ಲೂಕು