ಪೋಷಕರಿಗೆ ಪತ್ರ: ಮನೆಯ ವೈಫೈ ರೂಟರ್ ಒಮ್ಮೆ ತೆರೆದು ನೋಡಿ

ಮಾನ್ಯ ಪೋಷಕರೇ,

ಮನೆಗೆಲಸ ಕಳುಹಿಸಲು ಮಕ್ಕಳು ಶಾಲೆಯ ಖಾತೆಗೆ ಮನೆಯಿಂದಲೇ ಲಾಗಿನ್ ಆಗುತ್ತಾರೆ. ಅದೆಲ್ಲ ಹಾದುಹೋಗುವುದು ನಿಮ್ಮ ರೂಟರ್ ಮೂಲಕ. ಫೋನಿಗೆ ಲಾಕ್ ಹಾಕುವ ನಾವು ರೂಟರನ್ನು ಮಾತ್ರ ತಂದು ಜೋಡಿಸಿದ ದಿನದಂತೆಯೇ ಬಿಟ್ಟಿರುತ್ತೇವೆ. ಈ ವಾರ ಬಿಡುವು ಮಾಡಿಕೊಂಡು ಅದನ್ನು ಸರಿಪಡಿಸಬೇಕೆಂದು ಕೋರುತ್ತೇನೆ.

ಮೊದಲು ಮನೆಯಲ್ಲಿ ಎಷ್ಟು ರೂಟರ್‌ಗಳಿವೆ ಎಂದು ಎಣಿಸಿ. ಒಳಕೋಣೆಗೆ ಸಿಗ್ನಲ್ ಸಾಲದೆಂದು ಯಾವಾಗಲೋ ಹಾಕಿದ ಹಳೆಯ ರೂಟರೋ ರಿಪೀಟರೋ ಇನ್ನೂ ಚಾಲೂ ಇರಬಹುದು. ಯಾರೂ ಮುಟ್ಟದ ಅದೇ ಹೆಚ್ಚು ಅಪಾಯಕಾರಿ. ಬೇಡವಾದರೆ ಪ್ಲಗ್ ಕಿತ್ತುಬಿಡಿ.

ಫೋನಿನ ವೈಫೈ ವಿವರಗಳಲ್ಲಿ ‘ಗೇಟ್‌ವೇ’ ಎಂಬ ವಿಳಾಸವಿರುತ್ತದೆ, ಸಾಮಾನ್ಯವಾಗಿ 192.168.0.1 ಅಥವಾ 192.168.1.1. ಅದನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿದರೆ ರೂಟರಿನ ಪುಟ ತೆರೆಯುತ್ತದೆ. ಹೆಸರು, ಪಾಸ್‌ವರ್ಡ್ ಎರಡಕ್ಕೂ ‘ಅಡ್ಮಿನ್’ (admin) ಎಂದು ಹಾಕಿದ ಕೂಡಲೇ ಒಳಗೆ ಬಿಟ್ಟರೆ ಮೊದಲ ದೋಷ ಸಿಕ್ಕಿತು ಎಂದೇ ತಿಳಿಯಿರಿ. 2016ರಲ್ಲಿ ಹಬ್ಬಿದ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯವರೇ ಕೊಟ್ಟ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಪ್ರಯೋಗಿಸಿಯೇ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿತ್ತು. ವೈಫೈ ಪಾಸ್‌ವರ್ಡ್ ಬೇರೆ, ಈ ಅಡ್ಮಿನ್ ಪಾಸ್‌ವರ್ಡ್ ಬೇರೆ. ಬಹಳ ಮಂದಿ ಮೊದಲನೆಯದನ್ನಷ್ಟೇ ಬದಲಿಸಿ ನಿಶ್ಚಿಂತರಾಗುತ್ತಾರೆ. ಎರಡನ್ನೂ ಬದಲಿಸಿ, ಕನಿಷ್ಠ 12 ಅಕ್ಷರವಿರಲಿ, ಎರಡೂ ಒಂದೇ ಆಗದಿರಲಿ.

ವೈಫೈಯಲ್ಲಿ ಹರಿಯುವ ಮಾಹಿತಿಯನ್ನು ಗೂಢವಾಗಿಸುವ ಭದ್ರತೆಯ ವಿಧ ಡಬ್ಲ್ಯುಪಿಎ2-ಎಇಎಸ್ ಅಥವಾ ಡಬ್ಲ್ಯುಪಿಎ3 ಇರಬೇಕು. ಡಬ್ಲ್ಯುಪಿಎ3 ಮಾತ್ರ ಇಟ್ಟರೆ ಹಳೆಯ ಪ್ರಿಂಟರ್, ಟಿವಿಗಳಿಗೆ ಸಂಪರ್ಕ ಸಿಗದಿರಬಹುದು. ಆಗ ಎರಡೂ ಸೇರಿದ ಆಯ್ಕೆ ಸಾಕು. ಸುಲಭವಾಗಿ ಮುರಿಯಬಹುದಾದ ಹಳೆಯ ವಿಧವಾದ ಡಬ್ಲ್ಯುಇಪಿ ಕಂಡರೆ ಅಂದೇ ತೆಗೆದುಹಾಕಿ.

ವೈಫೈ ಪಾಸ್‌ವರ್ಡ್ ಬದಲು ಪಿನ್ ಸಂಖ್ಯೆ ಹಾಕಿ ಸಾಧನ ಜೋಡಿಸುವ ಡಬ್ಲ್ಯುಪಿಎಸ್ ಪಿನ್ ಸೌಲಭ್ಯವನ್ನು ಆಫ್ ಮಾಡಿ. ಎಂಟು ಅಂಕಿಯ ಪಿನ್ ಗಟ್ಟಿ ಎನಿಸುತ್ತದೆ. ಆದರೆ ರೂಟರ್ ಅದನ್ನು ಎರಡು ಭಾಗವಾಗಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಉಳಿದವುಗಳಿಂದಲೇ ಲೆಕ್ಕ ಹಾಕಿ ಬರುವಂಥದ್ದು. ಹಾಗಾಗಿ ಹೆಚ್ಚೆಂದರೆ 11,000 ಊಹೆ ಸಾಕು. ಲೆಕ್ಕ ಹೇಗೆಂದು ಮಗುವನ್ನೇ ಕೇಳಿ: ಮೊದಲ ನಾಲ್ಕು ಅಂಕಿಗೆ 10,000, ನಂತರದ ಮೂರಕ್ಕೆ 1,000.

ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೂಟರ್ ನಿಯಂತ್ರಿಸುವ ಸೌಲಭ್ಯ) ಮತ್ತು ಯುಪಿಎನ್‌ಪಿ (ಮನೆಯ ಸಾಧನಗಳು ನಿಮ್ಮನ್ನು ಕೇಳದೆಯೇ ಹೊರಗಿನ ಸಂಪರ್ಕಕ್ಕೆ ದಾರಿ ತೆರೆಯುವ ಸೌಲಭ್ಯ) ಕೂಡ ಆಫ್ ಇರಲಿ. ಎರಡನೆಯದನ್ನು ಆಫ್ ಮಾಡಿದರೆ ಕೆಲವು ಆನ್‌ಲೈನ್ ಆಟಗಳಿಗೆ ತೊಂದರೆಯಾಗಿ ಮನೆಯಲ್ಲಿ ದೂರು ಬರಬಹುದು, ಬರಲಿ. ಡಿಎನ್ಎಸ್ (ಜಾಲತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಸಾಲಿನಲ್ಲಿ ನೀವೂ ಹಾಕದ, ಸೇವಾದಾರರದ್ದೂ ಅಲ್ಲದ ವಿಳಾಸವಿದ್ದರೆ ಯಾರೋ ಒಳಹೊಕ್ಕಿರುವ ಸಾಧ್ಯತೆಯಿದೆ. ಬರೀ ಆಫ್ ಮಾಡಿ ಆನ್ ಮಾಡಿದರೆ ಅದು ಹೋಗದು. ರೀಸೆಟ್ ರಂಧ್ರವನ್ನು ಗುಂಡುಸೂಜಿಯಿಂದ ಸುಮಾರು 10 ಸೆಕೆಂಡು ಒತ್ತಿ ಹಿಡಿದು ಹಳೆಯ ಸೆಟ್ಟಿಂಗ್‌ಗಳನ್ನೆಲ್ಲ ಅಳಿಸಬೇಕು. ಅದಕ್ಕೂ ಮುನ್ನ ಸೇವಾದಾರರು ಕೊಟ್ಟ ಸಂಪರ್ಕದ ಹೆಸರು, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಇಂಟರ್ನೆಟ್ಟೇ ಬರದು.

ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ಅಪ್‌ಡೇಟ್ ನಡೆಯುವಾಗ ವಿದ್ಯುತ್ ತೆಗೆಯಬೇಡಿ. ತಯಾರಕರು ಅಪ್‌ಡೇಟ್ ನಿಲ್ಲಿಸಿದ ರೂಟರನ್ನು ಬದಲಿಸದೆ ಗತ್ಯಂತರವಿಲ್ಲ.

ಸಂಪರ್ಕಗೊಂಡ ಸಾಧನಗಳ ಪಟ್ಟಿಯಲ್ಲಿ ಅಪರಿಚಿತ ಹೆಸರು ಕಂಡರೆ ಗಾಬರಿ ಬೇಡ. ಈಗಿನ ಫೋನ್‌ಗಳು ತಮ್ಮ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಮರೆಮಾಚುತ್ತವೆ. ಮನೆಯ ಸಾಧನಗಳ ವೈಫೈಯನ್ನು ಒಂದೊಂದಾಗಿ ಆಫ್ ಮಾಡುತ್ತ ಯಾವ ಹೆಸರು ಮಾಯವಾಗುತ್ತದೆ ನೋಡಿ.

ಇದನ್ನೆಲ್ಲ ಕಲಿತ ಮಕ್ಕಳು ಪಕ್ಕದ ಮನೆಯ ರೂಟರ್ ಮೇಲೆ ಪ್ರಯೋಗ ಮಾಡದಂತೆ ನೋಡಿಕೊಳ್ಳಿ, ಅದು ಅಪರಾಧ. ಬದಲಿಸಿದ ಪಾಸ್‌ವರ್ಡ್‌ಗಳನ್ನು ಶಾಲೆಗೆ ತಿಳಿಸುವ ಅಗತ್ಯವಿಲ್ಲ. ಯಾರಾದರೂ ಶಾಲೆಯ ಹೆಸರು ಹೇಳಿ ಕೇಳಿದರೂ ಕೊಡಬೇಡಿ.

ಇಂತಿ,
ಮುಖ್ಯೋಪಾಧ್ಯಾಯರು