ಎಡಗೈಗೆ ಹೊಂದುವ ಕಸಿ ಚಾಕು

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ನರ್ಸರಿಗೆ ನೆರಳುಬಲೆ ಕಟ್ಟಿ ಮುಗಿಯಿತು, ಮಾವಿನ ಸಸಿಗಳು ಪೆನ್ಸಿಲ್ ದಪ್ಪ ಬಂದಿವೆ ಅಂತ ನಿಮ್ಮಮ್ಮ ಹೇಳಿದಳು. ಕೇಳಿ ತುಂಬಾ ಖುಷಿಯಾಯಿತು. ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, ಮಡಚುವ ಕಸಿ ಚಾಕು ತಗೊಳ್ಳಬೇಕು, ವಿಕ್ಟೋರಿನಾಕ್ಸೋ, ಓಪಿನೆಲ್ಲೋ, ಟೀನಾನೋ ಅಂತ. ಅಲ್ಲೇ ಒಂದು ಹೆಸರು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನೀನು ಎಡಗೈಯವನು ಅನ್ನೋದು ಆಗಲೇ ನೆನಪಾಯಿತು. ಎಡಗೈಯವನಿಗೆ ಕಸಿ ಚಾಕು ಆರಿಸೋದು ಫೋನಿನಲ್ಲಿ ಎರಡು ಮಾತಿಗೆ ಮುಗಿಯೋದಲ್ಲ. ಅದಕ್ಕೇ ಈ ಪತ್ರ.

ಮೊದಲು ನಿಮ್ಮಪ್ಪನ ವಿಷಯ ಹೇಳುತ್ತೇನೆ. ಅವನು ನಿನಗೆ ಹೇಳಿರಲಿಕ್ಕಿಲ್ಲ. ನಾವಿಬ್ಬರೂ ತೋಟದಲ್ಲಿದ್ದ ಕಾಲ ಅದು. ಸಸಿಯ ಎಳೆಯ ಕಾಂಡ ಸೀಳಿ ಅದರಲ್ಲಿ ಬೇಕಾದ ಮರದ ಕಡ್ಡಿ ಕೂರಿಸಿ ಕಟ್ಟುವ ಮೆದುಕಾಂಡ ಕಸಿ ನಮ್ಮ ಕಡೆಗೆ ಆಗ ಹೊಸದು. ನಾನು ಕಲಿತು ಬಂದು ಅವನಿಗೆ ಕಲಿಸಿದೆ. ಒಂದೇ ಚಾಕು, ಇಬ್ಬರೂ ಸರದಿಯಂತೆ ಬಳಸುತ್ತಿದ್ದೆವು. ಒಂದು ಮಳೆಗಾಲ ಇಬ್ಬರೂ ಐವತ್ತೈವತ್ತು ಸಸಿಗೆ ಜೀರಿಗೆ ಅಪ್ಪೆಯ, ಅದೇ ಜೀರಿಗೆ ಪರಿಮಳದ ಉಪ್ಪಿನಕಾಯಿ ಮಾವಿನ, ಕಡ್ಡಿ ಕಟ್ಟಿದೆವು. ನನ್ನದರಲ್ಲಿ ಮೂವತ್ತೆಂಟು ಚಿಗುರಿದವು. ಅವನದರಲ್ಲಿ ನಾಲ್ಕು. ಮರುವರ್ಷ ಮತ್ತೆ ಅದೇ ಕಥೆ. ಆಗ ನಾನು ನಾಲ್ಕು ಜನರ ಎದುರಿಗೆ ಅವನಿಗೆ ಅಂದೆ: "ನಿನ್ನ ಕೈಗುಣ ಸರಿ ಇಲ್ಲ ಮಾರಾಯ, ಬಿಟ್ಟುಬಿಡು." ಅವನು ಬಿಟ್ಟ. ಆಮೇಲೆ ಕಸಿ ಕಡ್ಡಿ ಮುಟ್ಟಲೇ ಇಲ್ಲ. ಹುಬ್ಬಳ್ಳಿಯಲ್ಲಿ ನೌಕರಿ ಸಿಕ್ಕಿತು, ಹೊರಟುಹೋದ.

ಹತ್ತು ಹನ್ನೆರಡು ವರ್ಷದ ನಂತರ ಒಂದು ತರಬೇತಿಗೆ ಹೋಗಿದ್ದೆ. ಕಲಿಸುವವರು ಒಬ್ಬ ಹುಡುಗನ ಚಾಕು ತಗೊಂಡು ಬೆಳಕಿಗೆ ಹಿಡಿದು, "ನೀನು ಎಡಗೈಯವನು, ಇದು ಬಲಗೈಯವರ ಚಾಕು, ಇದರಲ್ಲಿ ನಿನಗೆ ಸಪಾಟು ಬರೋದಿಲ್ಲ" ಅಂದರು. ನನಗೆ ಎದೆ ಧಸಕ್ ಅಂದಿತು. ಮನೆಗೆ ಬಂದು ಹಳೆಯ ಚಾಕು ತೆಗೆದು ನೋಡಿದೆ. ಅಲಗಿಗೆ ಒಂದೇ ಕಡೆ ಸಾಣೆ. ಬಲಗೈಯವರದ್ದು. ನಿಮ್ಮಪ್ಪನೂ ನಿನ್ನ ಹಾಗೆ ಎಡಗೈಯವನು. ಕೈಗುಣದ ಮಾತೇ ಅಲ್ಲ ಅದು.

ಇದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ಒಳ್ಳೆಯ ಕಸಿ ಚಾಕುಗಳಲ್ಲಿ ಎಷ್ಟೋ ಚಾಕುಗಳಿಗೆ ಒಂದೇ ಮೈಗೆ ಸಾಣೆ ಹಿಡಿದಿರುತ್ತಾರೆ. ಇನ್ನೊಂದು ಮೈ ಪೂರ್ತಿ ಸಪಾಟು. ಬಡಗಿಯ ಉಳಿ ನೋಡಿದ್ದೀಯಲ್ಲ, ಹಾಗೇ. ಉಳಿಯ ಸಪಾಟು ಮೈಯನ್ನು ಮರಕ್ಕೆ ತಾಗಿಸಿದರೆ ಕೆತ್ತಿದ ಜಾಗ ನೀಟಾಗಿ ಬರುತ್ತದೆ. ಇಳಿಜಾರು ಮೈಯನ್ನು ತಾಗಿಸಿದರೆ ಉಳಿ ಅತ್ತಿತ್ತ ಹಾಯುತ್ತದೆ, ಗುಂಡಿ ಬೀಳುತ್ತದೆ. ಕಸಿ ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಮೂರು ನಾಲ್ಕು ಸೆಂಟಿಮೀಟರ್ ಉದ್ದ ಸವರುತ್ತೇವಲ್ಲ, ಅಲ್ಲೂ ಇದೇ ಲೆಕ್ಕ. ಬಲಗೈಯವರ ಚಾಕು ಎಡಗೈಗೆ ಬಂದರೆ ಇಳಿಜಾರು ಮೈ ಕಡ್ಡಿಯ ಮೇಲೆ ಕೂರುತ್ತದೆ. ಬೆಣೆ ನಡುವೆ ಹಳ್ಳವಾಗುತ್ತದೆ. ಸಸಿಯ ಸೀಳಿನಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಎಷ್ಟು ಬಿಗಿದರೂ ಒಳಗೆ ಗಾಳಿ ಉಳಿಯುತ್ತದೆ. ತೊಗಟೆಯ ಕೆಳಗಿನ ಹಸಿರು ಪದರ ಹಸಿರು ಪದರಕ್ಕೆ ತಾಗಿದರೆ ಮಾತ್ರ ಎರಡೂ ಕೂಡಿಕೊಳ್ಳೋದು. ತಾಗದಿದ್ದರೆ ಹದಿನೈದು ದಿನಕ್ಕೆ ಕಡ್ಡಿ ಕಪ್ಪಾಗುತ್ತದೆ. ನಿಮ್ಮಪ್ಪನದು ಆದದ್ದು ಹಾಗೇ.

ಹಾಗಾಗಿ ಯಾವ ಕಂಪನಿಯ ಚಾಕು ಕೈಗೆತ್ತಿಕೊಂಡರೂ ಹೆಸರು ಓದೋ ಮೊದಲು ಒಂದು ಕೆಲಸ ಮಾಡು. ಕಡ್ಡಿಯನ್ನು ಬಲಗೈಯಲ್ಲಿ, ಚಾಕುವನ್ನು ಎಡಗೈಯಲ್ಲಿ ಹಿಡಿದು ಸವರುವ ಹಾಗೆ ಇಟ್ಟು ನೋಡು. ಕಡ್ಡಿಯಲ್ಲಿ ಉಳಿಯುವ ಭಾಗಕ್ಕೆ ತಾಗುವ ಮೈ ಸಪಾಟಾಗಿರಬೇಕು. ಇಳಿಜಾರು ಚಕ್ಕೆ ಏಳುವ ಕಡೆಗಿರಬೇಕು. ಎರಡೂ ಕಡೆ ಸಮನಾಗಿ ಸಾಣೆ ಇದ್ದರೆ ಅದೂ ಆದೀತು, ಯಾವ ಕೈಗೂ ನಡೆಯುತ್ತದೆ. ಆದರೆ ಅಲಗು ತೆಳುವಾಗಿರಬೇಕು. ಆನ್‌ಲೈನಿನಲ್ಲಿ ತರಿಸುವುದಾದರೆ ಮಾರುವವರನ್ನು ಇದನ್ನೇ ಕೇಳು. ಅವರು ಹೇಳದಿದ್ದರೆ ತಗೊಳ್ಳಬೇಡ.

ಈಗ ನಿನ್ನ ಮೂರು ಹೆಸರಿಗೆ ಬರುತ್ತೇನೆ.

ಓಪಿನೆಲ್ ನಿನಗೆ ಇಷ್ಟವಾಗಿದೆ ಅಂತ ಗೊತ್ತು. ಮರದ ಹಿಡಿ, ನೋಡೋಕೆ ಚೆಂದ, ಮೂರರಲ್ಲಿ ಬೆಲೆಯೂ ಕಡಿಮೆ. ಫ್ರಾನ್ಸಿನ ಸವೊಯಿ ಬೆಟ್ಟದ ಸೀಮೆಯಲ್ಲಿ 1890ರಲ್ಲಿ ಜೋಸೆಫ್ ಓಪಿನೆಲ್ ಅನ್ನುವವನು ರೈತರ ಕೈಗೆ ಅಂತಲೇ ಮಾಡಿದ ಚಾಕು. 1897ರಿಂದ ಅಳತೆಗೆ ತಕ್ಕಂತೆ ನಂಬರು. ನೀನು ತೋರಿಸಿದ 8ನೇ ನಂಬರಿನದಕ್ಕೆ ಅಲಗು ಎಂಟೂವರೆ ಸೆಂಟಿಮೀಟರ್. ಹಿಡಿಯ ಕುತ್ತಿಗೆಯಲ್ಲಿ ತಿರುಗಿಸುವ ಬಳೆ ಇದೆಯಲ್ಲ, ಅದು 1955ರಲ್ಲಿ ಬಂದದ್ದು. ಬಳೆ ತಿರುಗಿಸಿದರೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳೋದಿಲ್ಲ. ಇದು ನಿಜವಾಗಿಯೂ ದೊಡ್ಡ ಅನುಕೂಲ. ಸಾಮಾನ್ಯ ಕಸಿ ಚಾಕುಗಳಲ್ಲಿ ಬರೀ ಸ್ಪ್ರಿಂಗ್ ಬಿಗಿ ಇರುತ್ತದೆ, ಅಲಗಿನ ಬೆನ್ನಿನ ಮೇಲೆ ಒತ್ತಿದರೆ ಮಡಚಿಕೊಂಡುಬಿಡುತ್ತದೆ.

ಆದರೂ ಓಪಿನೆಲ್ ಕಸಿಗೆ ಬೇಡ ಅನ್ನುತ್ತೇನೆ. ಆ ಹಿಡಿ ಬೀಚ್ ಮರದ್ದು. ನೀರು ಕುಡಿದರೆ ಉಬ್ಬುತ್ತದೆ. ಉಬ್ಬಿದರೆ ಅಲಗು ಒಳಗೇ ಕಚ್ಚಿಕೊಂಡು ತೆರೆಯೋದೇ ಕಷ್ಟ. ಆ ಊರಿನವರು ಹಿಡಿಯ ಹಿಂಬದಿಯನ್ನು ಗಟ್ಟಿ ಜಾಗಕ್ಕೆ ಕುಟ್ಟಿ ಅಲಗನ್ನು ಹೊರಗೆ ತರುತ್ತಾರೆ. ಅವರಿಗೆ ಅದು ಯಾವಾಗಲಾದರೊಮ್ಮೆ. ನಮಗೆ? ನಾವು ಕಸಿ ಕಟ್ಟೋದೇ ಜೂನ್‌ನಿಂದ ಆಗಸ್ಟ್‌ವರೆಗೆ, ಗೋಡೆಯೂ ಬೆವರುವ ಕಾಲದಲ್ಲಿ. ದಿನಕ್ಕೆ ಇನ್ನೂರು ಕಡ್ಡಿ ಸವರುವವನು ಪ್ರತಿ ಸಲ ಚಾಕು ಕುಟ್ಟುತ್ತಾ ಕೂರೋಕಾಗುತ್ತಾ? ಅಲಗು ಕೂಡ ಎರಡು ಥರ ಬರುತ್ತದೆ. 'ಕಾರ್ಬೋನ್' ಅಂತ ಅಚ್ಚು ಹಾಕಿದ್ದರೆ ಬೇಗ ಹರಿತವಾಗುತ್ತದೆ, ಅಷ್ಟೇ ಬೇಗ ತುಕ್ಕು ಹಿಡಿಯುತ್ತದೆ. 'ಇನಾಕ್ಸ್' ಅಂತಿದ್ದರೆ ತುಕ್ಕು ಹಿಡಿಯದ ಸ್ಟೀಲು. ಜೇಬಿಗೆ ಒಂದು ಬೇಕಿದ್ದರೆ ಇನಾಕ್ಸ್‌ನದು ತಗೋ. ಗೊಬ್ಬರದ ಚೀಲ ಕೊಯ್ಯಲು, ಹಗ್ಗ ತುಂಡು ಮಾಡಲು, ಪೇರಲೆ ಹೆಚ್ಚಿ ತಿನ್ನಲು ಬಹಳ ಚೆನ್ನಾಗಿದೆ.

ನಿನ್ನ ಸ್ನೇಹಿತ ಜೇನುನೊಣದ ಗುರುತಿರುವ ಲಯೋಲ್ ಚಾಕು ಕೊಡಿಸುತ್ತೇನೆ ಅಂದನಂತೆ. ಲಯೋಲ್ ಅನ್ನೋದು ಫ್ರಾನ್ಸಿನ ಒಂದು ಊರಿನ ಹೆಸರು. ಆ ಹೆಸರಿನಲ್ಲಿ ಎಲ್ಲೆಲ್ಲಿಯೋ ಯಾರ್ಯಾರೋ ಚಾಕು ಮಾಡಿ ಮಾರುತ್ತಾರೆ. ಒಳ್ಳೆಯದೂ ಇದೆ, ಕಳಪೆಯೂ ಇದೆ. ಏನೇ ಇದ್ದರೂ ಅದು ಕಸಿ ಚಾಕು ಅಲ್ಲ. ನಮಗೆ ಬೇಡ.

ವಿಕ್ಟೋರಿನಾಕ್ಸ್ ಅಂದರೆ ನೀವೆಲ್ಲ ಕೆಂಪು ಬಣ್ಣದ ಸ್ವಿಸ್ ಚಾಕು ಅಂದುಕೊಳ್ಳುತ್ತೀರಿ. ಅವರು ತೋಟಗಾರಿಕೆಗೆ ಅಂತಲೇ ಬೇರೆ ಚಾಕು ಮಾಡುತ್ತಾರೆ. ಕಾರ್ಲ್ ಎಲ್ಸೆನರ್ ಸ್ವಿಟ್ಜರ್ಲೆಂಡಿನ ಈಬಾಖ್‌ನಲ್ಲಿ 1884ರಲ್ಲಿ ಕಾರ್ಖಾನೆ ಶುರು ಮಾಡಿದ. 1909ರಲ್ಲಿ ಅವನ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಅವಳ ಹೆಸರಿಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂತು, ಆ ಉಕ್ಕಿಗೆ ಹೇಳುವ 'ಇನಾಕ್ಸ್' ಹೆಸರಿಗೆ ಸೇರಿತು. ನಮಗೆ ಬೇಕಾದ ಗುಣ ಹೆಸರಲ್ಲೇ ಇದೆ ನೋಡು. ಅವರ ಜೇಬುಚಾಕುವಿನ ಅಲಗಿನ ಗಡಸುತನ ರಾಕ್‌ವೆಲ್ ಲೆಕ್ಕದಲ್ಲಿ 56ರ ಸುತ್ತಮುತ್ತ. ಇದು ಮಧ್ಯಮ ಹದ. ತುಂಬಾ ಗಡಸಾದ ಅಲಗಿನಷ್ಟು ಹೊತ್ತು ಹರಿತ ನಿಲ್ಲೋದಿಲ್ಲ. ಆದರೆ ಮನೆಯ ಸಾಣೆಕಲ್ಲಿನ ಮೇಲೆ ಹತ್ತು ಸಲ ಎಳೆದರೆ ಮತ್ತೆ ಬರುತ್ತದೆ. ಕಲಿಯುವವನಿಗೆ ಇದೇ ಒಳ್ಳೆಯದು.

ನಿಮ್ಮಪ್ಪನ ಹತ್ತಿರ ಇರುವ ವೆಂಗರ್ ಒಳ್ಳೆಯದಾ ವಿಕ್ಟೋರಿನಾಕ್ಸ್ ಒಳ್ಳೆಯದಾ ಅಂತಲೂ ನೀನು ಕೇಳಿದ್ದೆ. ಎರಡೂ ಸ್ವಿಸ್ ಸೈನ್ಯಕ್ಕೆ ಚಾಕು ಕೊಡುತ್ತಿದ್ದ ಕಂಪನಿಗಳು. ಸುಮಾರು ನೂರು ವರ್ಷ ಪೈಪೋಟಿ ಮಾಡಿದವು. 2005ರಲ್ಲಿ ವಿಕ್ಟೋರಿನಾಕ್ಸ್‌ನವರು ವೆಂಗರ್ ಅನ್ನು ಕೊಂಡುಕೊಂಡರು. ಅದು ಈಗ ಹಳೆಯ ಜಗಳ. ಆ ಚಾಕುವನ್ನು ಜೋಪಾನವಾಗಿ ಇಟ್ಟುಕೊಳ್ಳಲಿ.

ಟೀನಾ ಬಗ್ಗೆ ಹೇಳುವಾಗ ನನಗೆ ಸ್ವಲ್ಪ ಪ್ರೀತಿ ಜಾಸ್ತಿ. ಜರ್ಮನಿಯ ರಾಯ್ಟ್ಲಿಂಗನ್ ಊರಿನದು, 1854ರಿಂದ ನಡೆದುಬಂದ ಕಾರ್ಖಾನೆ. ಕಸಿಯವರಿಗೆ, ತೋಟದವರಿಗೆ ಅಂತಲೇ ಚಾಕು ಮಾಡುವವರು. ಕಾರ್ಬನ್ ಉಕ್ಕು, ಒಂದೇ ಮೈಗೆ ಸಾಣೆ. ಒಂದು ಸಲ ಅದರಲ್ಲಿ ಕಡ್ಡಿ ಸವರಿದರೆ ಗೊತ್ತಾಗುತ್ತದೆ. ಕೊಯ್ದ ಜಾಗ ಕನ್ನಡಿಯಂತೆ ಇರುತ್ತದೆ. ಅವರಲ್ಲಿ ಎಡಗೈಯವರಿಗೆ ಬೇರೆಯೇ ಮಾಡಿದ ಚಾಕು ಸಿಗುತ್ತದೆ. ಆದರೆ ದುಬಾರಿ. ತುಕ್ಕಿನ ಕಾಟವೂ ಇದೆ. ಮಾವಿನ ಸೊನೆ ತಾಗಿದರೆ ಅರ್ಧ ಗಂಟೆಯಲ್ಲಿ ಅಲಗು ಕಪ್ಪಾಗುತ್ತದೆ. ಕಪ್ಪಾದರೆ ಹೆದರಬೇಡ, ಕೆಂಪಾದರೆ ಹೆದರು. ಕೆಲಸ ಮುಗಿದ ಕೂಡಲೇ ಒರೆಸಿ, ಒಣಗಿಸಿ, ಕೊಬ್ಬರಿ ಎಣ್ಣೆ ಸವರಿ ಇಡಬೇಕು. ಒಂದು ರಾತ್ರಿ ಮರೆತರೂ ಬೆಳಿಗ್ಗೆ ಚುಕ್ಕೆ ಬಿದ್ದಿರುತ್ತದೆ.

ನಾನು ಹೇಳೋದು ಹೀಗೆ. ಈ ವರ್ಷಕ್ಕೆ ವಿಕ್ಟೋರಿನಾಕ್ಸ್ ಕಸಿ ಚಾಕು ತಗೋ, ಸಾಣೆ ನೋಡಿ ನಿನ್ನ ಕೈಗೆ ಹೊಂದುತ್ತದೆ ಅಂತ ಗ್ಯಾರಂಟಿ ಮಾಡಿಕೊಂಡು. ಮಳೆಯಲ್ಲಿ ಬಿದ್ದರೂ, ಹಲಸಿನ ಮೇಣ ಮೆತ್ತಿದರೂ ತಡೆಯುತ್ತದೆ. ಎರಡು ಮಳೆಗಾಲ ಕಳೆದ ಮೇಲೆ, ದಿನಾ ಒರೆಸಿ ಎಣ್ಣೆ ಹಚ್ಚುವ ಅಭ್ಯಾಸ ಕೈಗೆ ಬಂದ ಮೇಲೆ ಟೀನಾ ತಗೋ. ಹೊಂದುವ ವಿಕ್ಟೋರಿನಾಕ್ಸ್ ಸಿಗದೇ ಹೋದರೆ ನಮ್ಮೂರ ಕಮ್ಮಾರನ ಹತ್ತಿರ ಬಾ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತಿ ಮಾಡುವವನು ಅವನು, ಎಡಗೈಗೆ ಅಂತ ಹೇಳಿದರೆ ಆ ಕಡೆಗೇ ಸಾಣೆ ಕೊಡುತ್ತಾನೆ. ಮಡಚೋಕೆ ಬರೋದಿಲ್ಲ, ಅಡಿಕೆ ಹಾಳೆಯ ಒರೆ ಮಾಡಿಕೊಂಡರಾಯಿತು.

ಗಡ್ಡದ ಬ್ಲೇಡಿನಲ್ಲೇ ಕಸಿ ಕಟ್ಟುವವರನ್ನು ನೀನು ನೋಡಿರುತ್ತೀಯ. ಹಿಪ್ಪಲಿ ಬುಡಕ್ಕೆ ಕಾಳುಮೆಣಸಿನ ಕುಡಿ ಕಟ್ಟುವಾಗ ನಾನೂ ಬ್ಲೇಡೇ ಬಳಸುತ್ತೇನೆ, ಮೆದು ಕಾಂಡಕ್ಕೆ ಸಾಕು. ಮಾವು, ಹಲಸಿನ ಕಡ್ಡಿಗೆ ಬ್ಲೇಡು ಬಾಗುತ್ತದೆ. ಬಾಗಿದ ಬ್ಲೇಡು ಸಪಾಟು ಕೊಯ್ಯೋದಿಲ್ಲ, ಬೆರಳನ್ನು ಮಾತ್ರ ಕೊಯ್ಯುತ್ತದೆ.

ಇನ್ನು ಸಾಣೆ. ಇದನ್ನು ಮಾತ್ರ ಯಾರ ಕೈಗೂ ಕೊಡಬೇಡ. ನಾನು ಒಮ್ಮೆ ಜಾತ್ರೆಯಲ್ಲಿ ಸೈಕಲ್ ಚಕ್ರದ ಸಾಣೆಯವನಿಗೆ ಒಳ್ಳೆಯ ಚಾಕು ಕೊಟ್ಟು ಹಾಳು ಮಾಡಿಕೊಂಡೆ. ಕಿಡಿ ಹಾರುವಂತೆ ಹಿಡಿದ, ಅಲಗಿನ ತುದಿ ನೀಲಿಯಾಯಿತು, ಹದ ಹೋಯಿತು. ಸಪಾಟು ಮೈಯನ್ನೂ ಉಜ್ಜಿಬಿಟ್ಟ. ಆಮೇಲೆ ಅದು ಬಾಳೆಎಲೆ ಕೊಯ್ಯೋಕಷ್ಟೇ. ಸಾವಿರ ನಂಬರಿನ ಒಂದು ಸಾಣೆಕಲ್ಲು ತಗೋ. ನೀರು ಹಾಕಿ, ಇಳಿಜಾರು ಮೈಯನ್ನು ಅದರ ಓರೆಗೆ ಸರಿಯಾಗಿ ಕೂರಿಸಿ ನಿಧಾನವಾಗಿ ಮಸೆ. ಹಿಂದಿನ ಮೈಯಲ್ಲಿ ಬೆರಳಿಗೆ ಸಣ್ಣ ಎಳೆ ತಗುಲುವವರೆಗೆ ಮಸೆಯಬೇಕು. ಆಮೇಲೆ ಸಪಾಟು ಮೈಯನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಒಂದೆರಡು ಸಲ ಎಳೆದರೆ ಆ ಎಳೆ ಬಿದ್ದುಹೋಗುತ್ತದೆ. ಎತ್ತಿ ಹಿಡಿಯಲೇಬಾರದು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಎಳೆ. ಪೇಪರ್ ಹಾಳೆ ಕೈಯಲ್ಲಿ ತೂಗಿ ಹಿಡಿದು ಕೊಯ್ದರೆ ಹರಿಯದೆ ಕೊಯ್ಯಬೇಕು. ಮೊಂಡು ಚಾಕುವಿಗೆ ಬಲ ಜಾಸ್ತಿ ಹಾಕುತ್ತೇವೆ, ಆಗಲೇ ಜಾರಿ ಹೆಬ್ಬೆರಳಿಗೆ ಬರೋದು.

ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್ ಬಟ್ಟೆಯಲ್ಲಿ ಅಲಗು ಒರೆಸು. ಹಲಸಿನ ಮೇಣ ಹತ್ತಿದ್ದರೆ ಮೊದಲು ಎಣ್ಣೆ, ಆಮೇಲೆ ಸ್ಪಿರಿಟ್.

ನಿನ್ನ ಅಕ್ಕ ಮೇ ಕೊನೆಗೆ ಸ್ಟುಟ್‌ಗಾರ್ಟ್‌ನಿಂದ ಊರಿಗೆ ಬರುತ್ತಾಳೆ. ಅಲ್ಲಿಂದ ರಾಯ್ಟ್ಲಿಂಗನ್ ದೂರವೇನಿಲ್ಲ. ಎಡಗೈಯ ಟೀನಾ ಒಂದು ತರೋಕೆ ಹೇಳಿದ್ದೇನೆ. ಕೈಚೀಲದಲ್ಲಿಟ್ಟರೆ ವಿಮಾನ ಹತ್ತೋಕೆ ಬಿಡೋದಿಲ್ಲ, ಚೆಕ್-ಇನ್ ಮಾಡುವ ಸೂಟ್‌ಕೇಸಿನಲ್ಲೇ ಇಡು ಅಂತಲೂ ಹೇಳಿದ್ದೇನೆ. ಅದು ನಿಮ್ಮಪ್ಪನಿಗೆ. ನಾನು ಆವತ್ತು ಅಂದ ಮಾತಿಗೆ ಇಷ್ಟು ವರ್ಷ ಅವನ ಹತ್ತಿರ ತಪ್ಪಾಯಿತು ಅಂತ ಹೇಳಿಲ್ಲ. ಫೋನಿನಲ್ಲಿ ಹೇಳೋಕೆ ಬಾಯಿ ಬರಲಿಲ್ಲ. ಚಾಕು ಕೈಗೆ ಕೊಟ್ಟು ಹೇಳುತ್ತೇನೆ. ನೀನು ಮುಂಚೆ ಹೇಳಿಬಿಡಬೇಡ.

ಹೊಳೆಯಂಚಿನ ಆ ಜೀರಿಗೆ ಅಪ್ಪೆ ಮರ ಇನ್ನೂ ಇದೆ. ಈ ವರ್ಷ ಒಳ್ಳೆಯ ಕಡ್ಡಿಗಳು ಬಂದಿವೆ. ಜೂನ್ ಎರಡನೇ ವಾರ ಅವನನ್ನು ಕರೆದುಕೊಂಡು ಬಾ. ಬರುವ ದಿನ ಮಾತ್ರ ಹತ್ತು ದಿನ ಮೊದಲೇ ತಿಳಿಸು. ಕಡ್ಡಿಯ ಎಲೆ ಸವರಿ ಮರದಲ್ಲೇ ಬಿಡಬೇಕು, ಮೊಗ್ಗು ಉಬ್ಬೋಕೆ ಅಷ್ಟು ದಿನ ಬೇಕು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ