ಮಗಳಿಗೊಂದು ಪತ್ರ: ಕಳ್ಳ ವೋಟಿನ ಬಗ್ಗೆ

ಪುಟ್ಟಿ,

ಮೊದಲ ಸಲ ವೋಟು ಹಾಕುತ್ತೀಯ ಅಂತ ನಾನು ಖುಷಿಪಟ್ಟರೆ, ನೀನು ಫೋನಿನಲ್ಲಿ "ಎಲ್ಲ ಮೋಸವೇ ಅಲ್ವಾ ಅಮ್ಮ, ಹೋಗಿ ಏನು ಮಾಡಲಿ" ಅಂದೆ. ಅದಕ್ಕೆ ಉತ್ತರ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಮಧ್ಯೆ ಬಾಯಿ ಹಾಕುತ್ತೀಯ.

ಮೋಸ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಲೈಬೀರಿಯಾದಲ್ಲಿ 1927ರಲ್ಲಿ ಅಧ್ಯಕ್ಷ ಚಾರ್ಲ್ಸ್ ಕಿಂಗ್ ಮತ್ತೆ ಗೆದ್ದರು. ಅವರಿಗೆ ಬಿದ್ದ ವೋಟು ಸುಮಾರು 2,43,000. ಆಗ ಆ ದೇಶದ ಪಟ್ಟಿಯಲ್ಲಿದ್ದ ಮತದಾರರು 15,000 ಕೂಡ ಇರಲಿಲ್ಲ! ಗಿನ್ನೆಸ್ ದಾಖಲೆಗೂ ಸೇರಿತು ಇದು. ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಸೋತವರ ಲೆಕ್ಕ. ಅವರಿಗೂ 9,000 ಕೊಟ್ಟಿದ್ದಾರೆ. ಪಾಪ, ಅವರಿಗೂ ಸ್ವಲ್ಪ ಇರಲಿ ಅಂತ ಇರಬೇಕು.

ಅಮೆರಿಕದವರೇನು ಕಡಿಮೆ ಇಲ್ಲ. 1948ರಲ್ಲಿ ಟೆಕ್ಸಾಸ್‌ನಲ್ಲಿ ಸೆನೆಟ್ ಸೀಟಿಗೆ ಪಕ್ಷದ ಒಳಗಿನ ಚುನಾವಣೆ ನಡೆಯಿತು, ಲಿಂಡನ್ ಜಾನ್ಸನ್ ಮತ್ತು ಕೋಕ್ ಸ್ಟೀವನ್ಸನ್ ನಡುವೆ. ಮತದಾನ ಮುಗಿದು ಕೆಲವು ದಿನ ಆದಮೇಲೆ ಆಲಿಸ್ ಅನ್ನುವ ಊರಿನ 13ನೇ ಪೆಟ್ಟಿಗೆಯಲ್ಲಿ ಇನ್ನೂರಕ್ಕೂ ಜಾಸ್ತಿ ವೋಟು "ಸಿಕ್ಕಿತು". ಹೆಚ್ಚುಕಡಿಮೆ ಎಲ್ಲವೂ ಜಾನ್ಸನ್‌ಗೇ. ಪಟ್ಟಿ ನೋಡಿದವರು ಹೇಳಿದ್ದು, ಕೊನೆಯಲ್ಲಿ ಸೇರಿದ ಹೆಸರುಗಳೆಲ್ಲ ಒಂದೇ ಕೈಬರಹ, ಒಂದೇ ಶಾಯಿ, ಅದರ ಮೇಲೆ ಅಕ್ಷರಮಾಲೆಯ ಕ್ರಮದಲ್ಲಿ! ಯಾವ ಊರಿನ ಜನ ಹಾಗೆ ಶಿಸ್ತಾಗಿ ಸಾಲು ನಿಲ್ಲುತ್ತಾರೆ ಹೇಳು? ಜಾನ್ಸನ್ ಗೆದ್ದಿದ್ದು 87 ವೋಟಿನಿಂದ. ಮುಂದೆ ಅವರು ಅಧ್ಯಕ್ಷರೂ ಆದರು.

ಇದರಲ್ಲಿ ಇನ್ನೊಂದು ವಿಷಯ ಇದೆ, ನಿನಗೆ ಹೇಳಬೇಕು ಅಂತ ಹೊರಟಿದ್ದೇ ಅದು. ಆ ಪಟ್ಟಿಯಲ್ಲಿದ್ದ ಕೆಲವರನ್ನು ಹುಡುಕಿ ಕೇಳಿದರೆ, "ನಾವು ಅವತ್ತು ವೋಟೇ ಹಾಕಿಲ್ಲ" ಅಂದರಂತೆ. ನೋಡಿದೆಯಾ, ಕಳ್ಳ ವೋಟು ಹಾಕುವವನಿಗೆ ಬೇಕಾಗಿರುವುದು ನಿನ್ನಂಥವರೇ. ಪಟ್ಟಿಯಲ್ಲಿ ಹೆಸರಿರಬೇಕು, ಮನುಷ್ಯರು ಮಾತ್ರ ಮನೆಯಲ್ಲಿ ಮಲಗಿರಬೇಕು. ಎಲ್ಲ ಮೋಸ ಅಂತ ನೀನು ಹೋಗದೆ ಉಳಿದರೆ ಅವನ ಅರ್ಧ ಕೆಲಸ ನೀನೇ ಮಾಡಿಕೊಟ್ಟ ಹಾಗೆ, ಅದೂ ಸಂಬಳ ಇಲ್ಲದೆ.

ಬೆಳಿಗ್ಗೆಯೇ ಹೋಗು. ನೀನು ಹೋಗುವಷ್ಟರಲ್ಲಿ ಯಾರೋ ನಿನ್ನ ಹೆಸರಲ್ಲಿ ಹಾಕಿಬಿಟ್ಟಿದ್ದರೆ ಸುಮ್ನೆ ವಾಪಸ್ ಬರಬೇಡ. ನಮ್ಮ ದೇಶದ ನಿಯಮದಲ್ಲಿ ಅದಕ್ಕೆ ಟೆಂಡರ್ಡ್ ವೋಟು ಅಂತ ಇದೆ. ನೀನೇ ನೀನು ಅಂತ ಅಧಿಕಾರಿಗೆ ಖಾತ್ರಿಯಾದರೆ ಕಾಗದದ ಮತಪತ್ರ ಕೊಡುತ್ತಾರೆ, ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಮಾಮೂಲಿ ಎಣಿಕೆಗೆ ಅದು ಸೇರಲ್ಲ, ಅದೊಂದು ಬೇಜಾರು. ತಕರಾರು ಕೋರ್ಟಿಗೆ ಹೋದರೆ ಮಾತ್ರ ಉಪಯೋಗಕ್ಕೆ ಬರಬಹುದು. ಅದಕ್ಕೇ ಬೆಳಿಗ್ಗೆ ಅಂದಿದ್ದು.

ಹಾಗಂತ ವೋಟು ಕಳೆದುಹೋಗುವುದಕ್ಕೆ ಕಳ್ಳರೇ ಬೇಕು ಅಂತೇನಿಲ್ಲ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಬರೆಯುವಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ, ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದರು. ಹಾಗೆ ಬರೆದರೆ ನಡೆಯಲ್ಲ ಅಂತ ಆಯೋಗ ಹಟ ಹಿಡಿಯಿತು. ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ನೀನಂತೂ ಹೆಸರು ಹೇಳಲು ನಾಚಿಕೊಳ್ಳುವವಳಲ್ಲ, ಆದರೂ ಪಟ್ಟಿಯಲ್ಲಿ ಇದೆಯಾ ಅಂತ ಈಗಲೇ ನೋಡಿಕೋ. ಕಾಗುಣಿತ ಸಹ ನೋಡು.

ಒಂದು ವೋಟಿಂದ ಏನಾಗುತ್ತೆ ಅಂತ ನಿನ್ನ ಮುಂದಿನ ಪ್ರಶ್ನೆ ಬರುತ್ತೆ, ಗೊತ್ತು. 2004ರ ವಿಧಾನಸಭೆ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರು ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು ಒಂದೇ ವೋಟಿನಿಂದ. ಮತದಾನದ ದಿನ ಹೋಗದೆ ಮನೆಯಲ್ಲಿ ಮಲಗಿದ್ದವರಿಗೆ ಫಲಿತಾಂಶ ಬಂದ ರಾತ್ರಿ ಹೇಗೆ ನಿದ್ದೆ ಬಂತೋ.

ಯಾರಿಗೆ ಹಾಕುತ್ತೀಯ ಅಂತ ನಾನು ಕೇಳಲ್ಲ. ಬ್ರಿಟನ್ನಿನಲ್ಲಿ 1872ರವರೆಗೆ ಎಲ್ಲರ ಎದುರು ಹೇಳಿಯೇ ವೋಟು ಹಾಕಬೇಕಿತ್ತು, ಜಮೀನ್ದಾರ ಪಕ್ಕದಲ್ಲೇ ನಿಂತಿರುತ್ತಿದ್ದ. ನಮ್ಮ ಮನೆಯ ಜಮೀನ್ದಾರರು ಊಟಕ್ಕೆ ಕೂತಾಗ ಕೇಳಿಯೇ ಕೇಳುತ್ತಾರೆ, ನೀನು ನಕ್ಕು ಸುಮ್ಮನಿರು. ಗುರುತಿನ ಚೀಟಿಯಲ್ಲಿ ಫೋಟೋ ಚೆನ್ನಾಗಿಲ್ಲ ಅಂತ ಅದನ್ನು ಮನೆಯಲ್ಲಿ ಬಿಟ್ಟು ಹೋಗಬೇಡ. ಯಾರದೂ ಚೆನ್ನಾಗಿರಲ್ಲ.

ನಿನ್ನ ಅಮ್ಮ